ಮುಂಗಡ ಕೊಟ್ಟು ಕಟ್ಟಿಸಿದ ಬಂದರು ಕೋಟೆಗಳು

ಸರ್ಕಾರಿ ಕಾಮಗಾರಿಯಲ್ಲಿ ದುಡ್ಡು ಹಾಳಾಯಿತು ಅಂದ ಕೂಡಲೇ ಎಲ್ಲರೂ ಕಳ್ಳ ಯಾರು ಅಂತ ಹುಡುಕುತ್ತಾರೆ. ಅಮೆರಿಕದ ಹಳೆಯ ಬಂದರು ಕೋಟೆಗಳ ಲೆಕ್ಕಪತ್ರ ಬೇರೆಯದೇ ಕಥೆ ಹೇಳುತ್ತದೆ. ಅಲ್ಲಿ ಕಳ್ಳರಿದ್ದಿರಬಹುದು, ಆದರೆ ಅವರಿಗಿಂತ ಹೆಚ್ಚು ಹಾನಿ ಮಾಡಿದ್ದು ಮುಂಗಡ ಪಾವತಿ ಮತ್ತು ವರ್ಷವರ್ಷದ ಮಂಜೂರಾತಿ.

ಈ ಕೋಟೆಗಳನ್ನು ಕಟ್ಟಿದ್ದು ಮೂರು ಸುತ್ತಿನಲ್ಲಿ. ಮೊದಲ ಎರಡು ಸುತ್ತು ಬೇಗ ಮುಗಿಸೋಣ. 1794ರಲ್ಲಿ ಯುದ್ಧ ಕಾರ್ಯದರ್ಶಿ ಹೆನ್ರಿ ನಾಕ್ಸ್ ಹೆಚ್ಚಾಗಿ ಫ್ರೆಂಚ್ ಇಂಜಿನಿಯರುಗಳನ್ನು ಹಿಡಿದು ಬಂದರುಗಳಲ್ಲಿ ಮಣ್ಣಿನ ದಿಬ್ಬ ಎಬ್ಬಿಸಿದರು. ಮಣ್ಣು ನಿಲ್ಲದ ಕಡೆ ಮರದ ದಿಮ್ಮಿಯ ಆಸರೆ. ರಿಪೇರಿಗೆ ಹಣ ಇಡಲಿಲ್ಲ, ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಶಿಥಿಲವಾದವು. 1808ರ ಜನವರಿಯಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ 10 ಲಕ್ಷ ಡಾಲರ್ ಒಟ್ಟಿಗೆ ಕೊಟ್ಟಿತು. ನ್ಯೂಯಾರ್ಕಿನ ಕ್ಯಾಸಲ್ ವಿಲಿಯಮ್ಸ್‌ನಂಥ ಕಲ್ಲಿನ ಕೋಟೆಗಳು ಎದ್ದದ್ದು ಆ ಕಾಲದಲ್ಲಿ.

ಅಸಲಿ ಪಾಠ ಇರುವುದು ಮೂರನೆಯ ಸುತ್ತಿನಲ್ಲಿ. 1814ರಲ್ಲಿ ಬ್ರಿಟಿಷರು ವಾಷಿಂಗ್ಟನ್ನಿಗೆ ಬೆಂಕಿ ಇಟ್ಟು ಹೋದ ಮೇಲೆ, 1816ರಲ್ಲಿ ಇಂಜಿನಿಯರುಗಳ ಮಂಡಳಿ ರಚನೆಯಾಯಿತು. ನೆಪೋಲಿಯನ್ನನ ಕೈಕೆಳಗೆ ದುಡಿದಿದ್ದ ಸಿಮೋನ್ ಬರ್ನಾರ್ಡ್ ಅದರಲ್ಲಿದ್ದರು. ನಕ್ಷೆಗಳೆಲ್ಲ ದೊಡ್ಡವು, ಕಾಲಾವಧಿ ದಶಕಗಳದ್ದು. ಹಣ ಮಾತ್ರ ವರ್ಷದ ಲೆಕ್ಕದಲ್ಲಿ.

1818ರ ಜುಲೈನಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ ರೋಡ್ಸ್‌ನ ರಿಪ್ ರಾಪ್ಸ್ ಎಂಬಲ್ಲಿ ಸಮುದ್ರಕ್ಕೆ ಕಲ್ಲು ಸುರಿದು ದ್ವೀಪ ಮಾಡುವ ಗುತ್ತಿಗೆ ಎಲೈಜಾ ಮಿಕ್ಸ್‌ಗೆ ಹೋಯಿತು. 1,50,000 ಪರ್ಚ್ (ಕಲ್ಲಿನ ಒಂದು ಘನ ಅಳತೆ) ಕಲ್ಲು, ಪರ್ಚ್‌ಗೆ 3 ಡಾಲರ್, ಒಟ್ಟು 4,50,000 ಡಾಲರ್. ಟೆಂಡರ್ ಪ್ರಕಟಣೆ ಇಲ್ಲ. ಮೇಲಾಗಿ, ಯುದ್ಧ ಇಲಾಖೆಯ ಮುಖ್ಯ ಗುಮಾಸ್ತ ವ್ಯಾನ್‌ಡೆವೆಂಟರ್ ಮಿಕ್ಸ್‌ಗೆ ನೆಂಟ, ಗುತ್ತಿಗೆಯಲ್ಲಿ ಪಾಲನ್ನೂ ಕೊಂಡಿದ್ದ. ಆಗ ಕಾರ್ಯದರ್ಶಿಯಾಗಿದ್ದವರು ಜಾನ್ ಕ್ಯಾಲ್ಹೂನ್. ಎಂಟು ವರ್ಷ ಕಳೆದು, ಅವರು ಉಪಾಧ್ಯಕ್ಷರಾಗಿದ್ದಾಗ, ಲಾಭದಲ್ಲಿ ಅವರಿಗೂ ಪಾಲಿತ್ತು ಎಂಬ ಆರೋಪ ಎದ್ದಿತು. ತಾವೇ ತನಿಖೆ ಕೇಳಿದರು, 1827ರಲ್ಲಿ ನಿರ್ದೋಷಿ ಎಂದಾಯಿತು.

ಈ ಹಗರಣದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಅಳತೆಯ ಬಗ್ಗೆ ಯಾರೂ ಬರೆಯುವುದಿಲ್ಲ. ಪರ್ಚ್ ಅಂದರೆ ಸಾಮಾನ್ಯವಾಗಿ 24.75 ಘನ ಅಡಿ, ಆದರೆ ಊರಿಂದ ಊರಿಗೆ ಬದಲಾಗುತ್ತಿತ್ತು. ಗೋಡೆಯಾದರೆ ಕಟ್ಟಿದ ಮೇಲೂ ಟೇಪು ಹಿಡಿಯಬಹುದು. ನೀರಿಗೆ ಸುರಿದ ಕಲ್ಲಿಗೆ ಮರು ಅಳತೆ ಇಲ್ಲ, ದೋಣಿಯಲ್ಲಿದ್ದಾಗ ಬರೆದುಕೊಂಡದ್ದೇ ಕೊನೆಯ ದಾಖಲೆ. ಅದಕ್ಕಿಂತ ಕೆಟ್ಟದ್ದು ತಳ. ಆ ದ್ವೀಪದ ಮೇಲೆ ಎದ್ದ ಫೋರ್ಟ್ ಕ್ಯಾಲ್ಹೂನ್ ಎಂಬ ಕೋಟೆ ಕುಸಿಯತೊಡಗಿತು. 1830ರ ದಶಕದಲ್ಲಿ ಲೆಫ್ಟಿನೆಂಟ್ ರಾಬರ್ಟ್ ಇ. ಲೀ ಅಲ್ಲಿದ್ದಾಗ, ಇನ್ನಷ್ಟು ಕಲ್ಲು ಹೇರಿ ತಳ ಕೂರಲಿ ಎಂದು ಕಾಯುವುದೇ ಒಂದು ಕೆಲಸವಾಗಿತ್ತು. 232 ತೋಪುಗಳ ಆ ಯೋಜನೆ ಪೂರ್ತಿಯಾಗಲೇ ಇಲ್ಲ.

ಅಲಬಾಮಾದ ಮೊಬೈಲ್ ಕೊಲ್ಲಿಯಲ್ಲಿ ಮುಂಗಡದ ಕಥೆ. ಕೊಲ್ಲಿಯ ಬಾಯಲ್ಲಿ ಎರಡು ಕೋಟೆ, ಎರಡಕ್ಕೂ ಇಡಿಯಾಗಿ ಗುತ್ತಿಗೆ. ಜನವಸತಿ ಕಡಿಮೆ, ಕೂಲಿಯಾಳು, ದವಸ ಎಲ್ಲ ದೂರದಿಂದ ಬರಬೇಕು, ಹಾಗಾಗಿ ಕೆಲಸ ಕಾಣುವ ಮುಂಚೆಯೇ ಹಣ ಹೋಯಿತು. ಎರಡರಲ್ಲಿ ಒಂದರ ಜಾಗವಾದ ಮೊಬೈಲ್ ಪಾಯಿಂಟಿನ ಗುತ್ತಿಗೆದಾರ ಹಾಪ್‌ಕಿನ್ಸ್ 1819ರಲ್ಲೇ ತೀರಿಕೊಂಡ. ಆಮೇಲೆ ಬಂದವನಿಂದಲೂ ಆಗಲಿಲ್ಲ. ಕೊನೆಗೆ ಇಂಜಿನಿಯರುಗಳೇ ನೇರವಾಗಿ ಕಟ್ಟಿಸಿದರು, ಗುಲಾಮರನ್ನು ಬಾಡಿಗೆಗೆ ಪಡೆದು. ದುಡಿದವರು ಒಬ್ಬರು, ಬಾಡಿಗೆ ಎಣಿಸಿಕೊಂಡವರು ಅವರ ಒಡೆಯರು. ಖರ್ಚಿನ ಪಟ್ಟಿ ಓದುವಾಗ ಇದನ್ನು ಮರೆಯಬಾರದು.

ಈ ಹೊತ್ತಿಗೆ 1819ರ ಆರ್ಥಿಕ ಕುಸಿತವೂ ಬಂದಿತ್ತು. 1820ರಲ್ಲಿ 8 ಲಕ್ಷ ಡಾಲರ್ ಇದ್ದ ಕೋಟೆ ಅನುದಾನ ಮರುವರ್ಷ ಸುಮಾರು 2 ಲಕ್ಷಕ್ಕೆ ಇಳಿಯಿತು. ಜೊತೆಗೆ ಎರಡು ಕಾನೂನು ಬಂದವು. 1820ರ ಮೇ ತಿಂಗಳ ಕಾನೂನು: ಸಾಕಷ್ಟು ಮಂಜೂರಾತಿ ಅಥವಾ ಕಾನೂನಿನ ಅಧಿಕಾರ ಇಲ್ಲದೆ ಇಲಾಖೆ ಗುತ್ತಿಗೆಗೆ ಸಹಿ ಹಾಕುವಂತಿಲ್ಲ. 1823ರ ಜನವರಿಯದು: ಆದ ಕೆಲಸದ ಬೆಲೆಗಿಂತ ಹೆಚ್ಚು ಪಾವತಿ ಇಲ್ಲ, ಹಣ ಬಟವಾಡೆ ಮಾಡುವವರು ಮೂರು ತಿಂಗಳಿಗೊಮ್ಮೆ ವೋಚರ್ ಸಮೇತ ಲೆಕ್ಕ ಒಪ್ಪಿಸಬೇಕು. ನನ್ನ ಮಟ್ಟಿಗೆ ಆ ಇಡೀ ಶತಮಾನದ ಅತಿ ಉಪಯುಕ್ತ ಕೋಟೆ ಎಂದರೆ ಈ ಎರಡನೆಯ ಕಾನೂನು!

ಹಣದ ದಾರಿ ಹೀಗಿತ್ತು: ಸ್ಥಳದ ಇಂಜಿನಿಯರ್ ಅಂದಾಜುಪಟ್ಟಿ ಕೊಡುತ್ತಾನೆ, ಅದು ಮುಖ್ಯ ಇಂಜಿನಿಯರ್ ಮತ್ತು ಕಾರ್ಯದರ್ಶಿಯ ಮೂಲಕ ಕಾಂಗ್ರೆಸ್ಸಿಗೆ ಹೋಗುತ್ತದೆ. ಮಂಜೂರಾದ ಮೇಲೆ ಕಾರ್ಯದರ್ಶಿ ಖಜಾನೆಗೆ ಬೇಡಿಕೆ ಪತ್ರ ಬರೆದು ಹಣ ಬಿಡಿಸಬೇಕು. ಖರ್ಚಾದ ಬಳಿಕ ವೋಚರುಗಳು ಖಜಾನೆಯ ಮೂರನೆಯ ಆಡಿಟರ್ ಕಚೇರಿಗೆ, ಅಲ್ಲಿಂದ ಮರುತಪಾಸಣೆಗೆ ಎರಡನೆಯ ಕಂಪ್ಟ್ರೋಲರ್‌ಗೆ. ಒಪ್ಪದ ಕಲಮು ಹಣ ಪಡೆದವನ ತಲೆಗೇ ಬಾಕಿ.

ಆ ಬಾಕಿ ಎಷ್ಟು ದೂರ ಎಳೆಯಬಹುದು ಎಂಬುದಕ್ಕೆ ಇಂಜಿನಿಯರ್ ಚಾರ್ಲ್ಸ್ ಗ್ರಾಶಟ್ ಸಾಕ್ಷಿ. ಕೋಟೆಯಲ್ಲಿ ಬೇರೆ ಬಟವಾಡೆ ಏಜೆಂಟ್ ಇಲ್ಲದಿದ್ದರೆ ಆ ಕೆಲಸ ಮಾಡುವ ಇಂಜಿನಿಯರಿಗೆ ದಿನಕ್ಕೆ 2 ಡಾಲರ್ ಭತ್ಯೆ, ಆದರೆ ಒಟ್ಟು ಖರ್ಚಿನ ಶೇ. 2.5 ಮೀರಬಾರದು ಎಂದು ನಿಯಮ. ಒಬ್ಬನೇ ಎರಡು ಕೋಟೆಗೆ ಬಟವಾಡೆ ಮಾಡಿದರೆ? ಫೋರ್ಟ್ ಮನ್ರೋ, ಫೋರ್ಟ್ ಕ್ಯಾಲ್ಹೂನ್ ಎಂಬ ಎರಡು ಕೋಟೆಗಳನ್ನೂ ನೋಡಿಕೊಂಡಿದ್ದ ಗ್ರಾಶಟ್ ಬೇರೆ ಬೇರೆ ಭತ್ಯೆ ತನಗೆ ಸಲ್ಲಬೇಕೆಂದು ಸರ್ಕಾರಿ ಹಣ ಕೈಯಲ್ಲೇ ಉಳಿಸಿಕೊಂಡರು. ಆಗ ಅವರು ಮುಖ್ಯ ಇಂಜಿನಿಯರ್. 1838ರ ಡಿಸೆಂಬರಿನಲ್ಲಿ ಅಧ್ಯಕ್ಷ ವ್ಯಾನ್ ಬ್ಯೂರನ್ ಅವರನ್ನು ವಜಾ ಮಾಡಿದರು. ವ್ಯಾಜ್ಯ 1841ರಲ್ಲಿ ಒಮ್ಮೆ, 1846ರಲ್ಲಿ ಮತ್ತೊಮ್ಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಭತ್ಯೆ ಬರಬೇಕಿದ್ದರೆ ಬಿಲ್ಲು ಹಾಕಿ ಕೇಳಬೇಕು, ಕೈಯಲ್ಲಿರುವ ಹಣದಲ್ಲಿ ಮುರಿದುಕೊಳ್ಳಬಾರದು. ಅವರ ಪರ ವಾದ ಎಷ್ಟೇ ಇರಲಿ, ಇಲ್ಲಿ ನನಗೆ ಸಹಾನುಭೂತಿ ಇಲ್ಲ.

ವರ್ಷದ ಮಂಜೂರಾತಿಗೆ ಬರುತ್ತೇನೆ, ಇದನ್ನು ಯಾವ ಆಡಿಟರೂ ಹಿಡಿಯಲಾರ. 1835ರ ಮಾರ್ಚ್ 3ರ ರಾತ್ರಿ, ಅಧಿವೇಶನದ ಕೊನೆಯ ಗಳಿಗೆಯಲ್ಲಿ, ಫ್ರಾನ್ಸಿನ ಜೊತೆಗಿನ ಜಗಳದ ನೆಪದಲ್ಲಿ ಕೆಳಮನೆ ಕೋಟೆ ಮಸೂದೆಗೆ 30 ಲಕ್ಷ ಡಾಲರ್ ಅಂಟಿಸಿತು. ಸೆನೆಟ್ ಒಪ್ಪಲಿಲ್ಲ, ಮಸೂದೆಯೇ ಬಿದ್ದುಹೋಯಿತು. ಗೋಡೆ ಅರ್ಧಕ್ಕೆ ನಿಂತರೆ ಗಾರೆ ಕೆಲಸಕ್ಕೆ ಮಳೆ ಚಳಿ ಬಡಿಯುತ್ತದೆ, ಪಳಗಿದ ಕಲ್ಲುಕುಟಿಗರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಮತ್ತೆ ಶುರು ಮಾಡುವ ಖರ್ಚು ಬೇರೆ.

ಹಣವಿದ್ದರೂ ಕೆಲಸ ನಿಲ್ಲಬಹುದು. ದಕ್ಷಿಣ ಕೆರೊಲಿನಾದ ಫೋರ್ಟ್ ಸಮ್ಟರ್ 1829ರಲ್ಲಿ ಮರಳದಿಬ್ಬದ ಮೇಲೆ ಕಲ್ಲು ಸುರಿಯುವುದರಿಂದ ಆರಂಭವಾಯಿತು. 1834ರಲ್ಲಿ ಒಬ್ಬಾತ ಆ ನೀರಡಿಯ ನೆಲ ತನ್ನದೆಂದು ಹಕ್ಕು ಹೂಡಿದ. 1841ರಲ್ಲಿ ಹಕ್ಕು ಇತ್ಯರ್ಥವಾಗುವವರೆಗೂ ತಕರಾರು ಎಳೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಸರ್ಕಾರ ಕೊಳ್ಳುವ ಎಲ್ಲ ಜಾಗಗಳಿಗೂ ಅನ್ವಯಿಸುವಂತೆ ನಿರ್ಣಯಿಸಿತು: ನೆಲದ ಹಕ್ಕುಪತ್ರ ಸರಿಯಿದೆ ಎಂದು ಅಟಾರ್ನಿ ಜನರಲ್ ಬರೆದುಕೊಡಬೇಕು, ಆಯಾ ರಾಜ್ಯದ ಶಾಸನಸಭೆ ಒಪ್ಪಿಗೆ ಕೊಡಬೇಕು, ಅಲ್ಲಿಯವರೆಗೆ ಆ ಜಾಗದಲ್ಲಿ ಸರ್ಕಾರದ ಹಣ ಖರ್ಚಾಗಕೂಡದು.