ಅಳಿಯ ಬಂದಾನಂತ ಕೂಸಿನ ಜಳಕ ನಿಂದ್ರಬಾರದು

ಮೊನ್ನೆ ಭಾನುವಾರ ನಮ್ಮ ತಮ್ಮನ ಹೆಂಡ್ತಿದು ಕುಬಸ ಇತ್ತು. ಹಸರು ಸೀರಿ, ಹಸರು ಬಳಿ, ಉಡಿ ತುಂಬೋದು ಎಲ್ಲಾ ಚಂದ ಆತು. ಊಟ ಆದ ಮ್ಯಾಲೆ ಹಿರೇರು ಪಡಸಾಲಿಯಾಗ ಕುಂತು ಲೆಕ್ಕ ಹಾಕಿದ್ರು. ಹುಡುಗಿ ತವರಿಗೆ ಮಸ್ಕಿಗೆ ಹೋಗೋದು, ಅಲ್ಲೇ ಹಡಿಯೋದು, ಐದು ತಿಂಗಳು ತುಂಬಿದ ಮ್ಯಾಲೆ ಕರ್ಕೊಂಡು ಬರೋದು. ಯಾರು ಬಿಟ್ಟು ಬರ್ಬೇಕು, ಯಾರು ಕರ್ಕೊಂಡು ಬರ್ಬೇಕು, ತೊಟ್ಟಿಲು ಯಾರು ತರ್ಬೇಕು, ಎಲ್ಲಾ ಮಾತಾತು. ನಮ್ಮ ತಮ್ಮ ಕಂಬಕ್ಕ ಒರಗಿ ನಿಂತಿದ್ದ, ಅವನ್ನ ಯಾರೂ ಒಂದ್ಮಾತು ಕೇಳಲಿಲ್ಲ. ಎರಡು ವರ್ಷದ ಹಿಂದ ಅದೇ ಕಂಬಕ್ಕ ನಾನು ಹಂಗೇ ನಿಂತಿದ್ದೆ, ನನ್ನೂ ಯಾರೂ ಕೇಳಿದ್ದಿಲ್ಲ, ನಾನೂ ಬಾಯಿ ಬಿಟ್ಟಿದ್ದಿಲ್ಲ. ಅವತ್ತು ಬಾಯಿ ಬಿಡಬೇಕಿತ್ತು ಅನ್ನೋದು ಈಗ ಗೊತ್ತಾಗೇತಿ, ಅದಕ್ಕ ಬರೀತಿದೀನಿ.

ನಂದು ರಾಯಚೂರಾಗ ಜಿನ್ನಿಂಗ್ ಮಿಲ್ಲಿನಾಗ ಲೆಕ್ಕ ಬರಿಯೋ ಕೆಲಸ. ಮಗಳು ಹುಟ್ಟಿದ್ದು ನವೆಂಬರ್‌ನಾಗ, ಹತ್ತಿ ಸೀಜನ್ ನಡುವ. ಗಾಡಿ ಮ್ಯಾಲೆ ಗಾಡಿ ಹತ್ತಿ ಬರ್ತಿರ್ತಾವು, ತೂಕ, ಬಿಲ್ಲು, ಪೇಮೆಂಟು, ರಜಾ ಅನ್ನೋ ಮಾತೇ ಇಲ್ಲ. ಮನಿಯಾಕಿ ತವರು ಸಿಂಧನೂರು. ಭಾನುವಾರ ಬೆಳಿಗ್ಗಿ ಬಸ್ ಹತ್ತಿ ಮಾನ್ವಿ ಮ್ಯಾಲೆ ಎರಡು ತಾಸು ಹೋಗೋದು, ಸಂಜಿಗೆ ತಿರುಗಿ ಬರೋದು. ಐದು ತಿಂಗಳು ನನ್ನ ಅಪ್ಪತನ ಅಂದ್ರ ಇಷ್ಟೇ.

ನಾನು ಹೋದ್ರ ಅಲ್ಲಿ ಏನಾಗ್ತಿತ್ತು ಅಂದ್ರ, ಅತ್ತಿ ಕೂಸಿಗೆ ಎಣ್ಣಿ ಹಚ್ಚಿ ಕಾಲು ನೀಡಿ ಕುಂತು, ಕಾಲ ಮ್ಯಾಲೆ ಹಾಕ್ಕೊಂಡು ನೀರು ಹಾಕಾಕ ಶುರು ಮಾಡಿರ್ತಿದ್ರು. ನಾನು ಬಾಗಿಲಾಗ ಕಂಡ ಕೂಡ್ಲೇ ಸೆರಗು ತಲಿಮ್ಯಾಲೆ ಎಳ್ಕೊಂಡು, ಕೂಸನ್ನ ಅರ್ಧ ಜಳಕದಾಗೇ ಅರಿವ್ಯಾಗ ಸುತ್ತಿ ಯಾರ ಕೈಯಾಗೋ ಕೊಟ್ಟು, "ಬರ್ರೀ ಅಳಿಯಪ್ಪ, ಕೈಕಾಲು ತೊಳ್ಕೋರಿ" ಅಂತ ಚಾಕ್ಕ ಇಡಾಕ ಓಡ್ತಿದ್ರು. ಆಮ್ಯಾಲೆ ಉಪ್ಪಿಟ್ಟು, ಮಧ್ಯಾಹ್ನ ಹೋಳಿಗಿ, ಇಲ್ಲಂದ್ರ ಕೋಳಿ. ವಾರ ಪೂರ್ತಿ ರಾತ್ರಿ ಕೂಸಿನ ಜೊತಿ ಎದ್ದಿರೋ ಹೆಣ್ಮಗಳು ಭಾನುವಾರ ನನ್ನ ಸಲುವಾಗಿ ಒಲಿ ಮುಂದ ನಿಂದ್ರಬೇಕು. ಕೂಸು ಹಸ್ದು ಅಳ್ತಿದ್ರ, ನಾನು ಹೊರಗ ಪಡಸಾಲಿಯಾಗ ಮಾವನ ಜೊತಿ ನೆಲ್ಲಿನ ರೇಟು, ಎಡದಂಡೆ ಕಾಲುವಿಗೆ ನೀರು ಎಂದ ಬಿಡ್ತಾರ, ಅದನ್ನ ಮಾತಾಡ್ತಾ ಕುಂದ್ರತಿದ್ದೆ. ಬಾಣಂತಿ ಖೋಲಿಗೆ ಗಂಡಸರು ಭಾಳ ಹೊತ್ತು ಹೋಗಬಾರದಂತ. ನೆರಳು ಕಂಡ್ರೂ ಮನಿಗೆ ಬಂದೋರು ನಗ್ತಿದ್ರು, ಅಳಿಯ ಹೆಂಡ್ತಿ ಸೆರಗು ಬಿಡವಲ್ಲ ಅಂತ.

ಡಿಸೆಂಬರ್‌ನಾಗ ಒಂದೂವರಿ ತಿಂಗಳ ಇಂಜೆಕ್ಷನ್ ಹಾಕಿಸಿದ ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಮೈ ಕೆಂಡ ಆಗೇತಿ, ತೊಡಿ ಬಾತೈತಿ, ಮುಟ್ಟಿದ್ರ ಚೀರ್ತಾಳ ಅಂತ ಇಕಿ ಅಳ್ತಿದ್ಲು. ಪೆಂಟಾವೇಲೆಂಟ್ ಹಾಕಿದ ದಿನ ಜ್ವರ ಬರೋದು ಸಹಜ, ಸಿಸ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್ ಹನಿ ಹಾಕಿದ್ರ ಒಂದೆರಡು ದಿನದಾಗ ಇಳಿತೈತಿ ಅನ್ನೋದು ನನಗ ಆಗ ಗೊತ್ತಿದ್ದಿಲ್ಲ. ಗೊತ್ತಿದ್ರ ಧೈರ್ಯನಾದ್ರೂ ಹೇಳ್ತಿದ್ದೆ. ದವಾಖಾನಿಗೆ ಹೋಗ್ರಿ, ದವಾಖಾನಿಗೆ ಹೋಗ್ರಿ ಅಂತ ಅಷ್ಟು ದೂರದಿಂದ ಒದರಿದೆ, ಅಕಿ ಹೆದರಿಕಿ ಎರಡು ಪಟ್ಟು ಆತು. ಬೆಳತನ ಫೋನ್ ಕೈಯಾಗ ಹಿಡ್ಕೊಂಡು ಖಾಲಿ ಮನ್ಯಾಗ ಓಡಾಡಿದೆ.

ಏಪ್ರಿಲ್‌ನಾಗ ಕರ್ಕೊಂಡು ಬಂದ್ವಿ. ಬಸ್ಸಿನಾಗ ಇಕಿ ಕೈಯಾಗ ಬ್ಯಾಗು, ನನ್ನ ತೊಡಿಮ್ಯಾಲೆ ಮಗಳು, ಬಿಳಿ ಅಂಗಿ ಹಾಕ್ಕೊಂಡು ಮಗಳನ್ನ ಮನಿಗೆ ತರ್ತಿದೀನಿ ಅಂತ ಎದಿ ಉಬ್ಬಿಸ್ಕೊಂಡು ಕುಂತಿದ್ದೆ. ಪೋತ್ನಾಳ ದಾಟಿತ್ತು, ಬಿಸಿ ಬಿಸಿ ಏನೋ ಹೊಟ್ಟಿಮ್ಯಾಲೆ ಇಳಿದಂಗ ಆತು. ಡೈಪರ್ ಒಂದು ಕಡಿ, ಅರಿಶಿಣ ಬಣ್ಣದ್ದು ಒಂದು ಕಡಿ, ಅಂಗಿ, ಪ್ಯಾಂಟು, ಸೀಟು, ಮಗಳ ಕುಂಚಿಗಿತನ ಹೋಗೇತಿ. ಅಕಿ ಮಾತ್ರ ನನ್ನ ಮುಖ ನೋಡಿ ಬೊಚ್ಚ ಬಾಯಿ ಬಿಟ್ಟು ನಗಾಕತ್ಯಾಳ. ಎಲ್ಲಿ ಹಿಡಿಬೇಕು, ಮೊದಲು ಏನು ಬಿಚ್ಚಬೇಕು ನನಗ ತಿಳಿವಲ್ದು. ಹಿಂದಿನ ಸೀಟಿನಾಗ ಮೆಣಸಿನಕಾಯಿ ಚೀಲ ಇಟ್ಕೊಂಡು ಕುಂತಿದ್ದ ಅಮ್ಮ ಒಬ್ರು ಎದ್ದು ಬಂದು, "ಕೊಡೋ ತಮ್ಮಾ ಇಲ್ಲಿ, ಕೋಳಿ ಹಿಡಿದಂಗ ಹಿಡಿದೀಯಲ್ಲ" ಅಂದು ತಗೊಂಡ್ರು. ನಮ್ಮ ಬಾಟ್ಲಿ ನೀರಾಗೇ ಒಂದು ಕೈಲೆ ತೊಳದ್ರು, ತಮ್ಮ ಚೀಲದಾಗಿನ ಹಳೇ ಸೀರಿ ತುಂಡು ಹರದು ಲಂಗೋಟಿ ಕಟ್ಟಿದ್ರು, ಎರಡು ನಿಮಿಷ ಹಿಡಿಲಿಲ್ಲ. ಆಮ್ಯಾಲೆ ಕೇಳಿದ್ರು, "ಎಷ್ಟನೇ ತಿಂಗಳು?" ಐದು ಅಂದೆ. "ಐದು ತಿಂಗಳಾತು, ಒಂದು ಲಂಗೋಟಿ ಕಟ್ಟಾಕ ಬರಂಗಿಲ್ಲೇನು?" ಅವರು ಬೈದಿದ್ದಲ್ಲ, ಖರೇನೇ ಆಶ್ಚರ್ಯಪಟ್ಟು ಕೇಳಿದ್ರು. ಮಾನ್ವಿಯಾಗ ಇಳಿದು ಹೋದ್ರು, ನಾನು ರಾಯಚೂರುತನ ಅದನ್ನೇ ವಿಚಾರ ಮಾಡ್ತಾ ಬಂದೆ.

ಮನಿಗೆ ಬಂದ ಮ್ಯಾಲೆ ನೀರಿನ ಜಗಳ. ನಮ್ಮೂರ ಏಪ್ರಿಲ್ ನಿಮಗ ಗೊತ್ತೈತಿ, 40 ದಾಟಿ ಗ್ವಾಡಿನೂ ಸುಡ್ತಿರ್ತಾವು. ನಮ್ಮವ್ವ ಒಂದು ಚಮಚ ನೀರು ಹಾಕ್ರಿ, ಕೂಸಿನ ಗಂಟಲು ಒಣಗ್ತೈತಿ ಅಂತಾಳ, ಇಕಿ ಆರು ತಿಂಗಳುತನ ಎದಿಹಾಲು ಬಿಟ್ರ ನೀರೂ ಬ್ಯಾಡ ಅಂದಾರ ಆಶಾ ಅಕ್ಕ ಅಂತಾಳ. ನಮ್ಮವ್ವನ ಪ್ರೀತಿ ಸುಳ್ಳಲ್ಲ. ಆದ್ರ ಎದಿಹಾಲಿನಾಗ ನೂರಕ್ಕ 87-88 ಪಾಲು ನೀರೇ ಇರ್ತೈತಿ, ಮತ್ತ ಆ ಒಂದು ಚಮಚ ನೀರಿನಿಂದನೇ ಭೇದಿ ಹತ್ತಬಹುದು. ದಿನಕ್ಕ ಆರು ಸಲ, ಅದಕ್ಕಿಂತ ಹೆಚ್ಚು ಉಚ್ಚಿ ಹೊಯ್ತಿದ್ರ ಹಾಲು ಸಾಕಾಗೇತಿ ಅಂತ ಅರ್ಥ. ನಾನು ಒಂದು ವಾರ ಕ್ಯಾಲೆಂಡರ್ ಮ್ಯಾಲೆ ಗೀಟು ಹಾಕಿ ಎಣಿಸಿ ನಮ್ಮವ್ವಗ ತೋರಿಸಿದೆ. ಏಳು, ಎಂಟು, ಏಳು. ಅವ್ವ ಸುಮ್ಮನಾದ್ಲು. ಲೆಕ್ಕ ಬರಿಯೋನಿಗೆ ಅದೊಂದು ಉಪಯೋಗಕ್ಕ ಬಂತು.

ಈಗ ಹೇಳಾಕ ಕಷ್ಟ ಆಗೋದು ಹೇಳ್ತೀನಿ. ಬಂದ ಹತ್ತನೇ ದಿನ. ಇಕಿ ಜಳಕಕ್ಕ ಹೋಗಿದ್ಲು, ಮಗಳು ಮಂಚದ ಮ್ಯಾಲೆ, ಪಕ್ಕದಾಗ ನಾನು. ಕೂಲರ್‌ನಾಗ ನೀರು ಮುಗದಿತ್ತು, ಒಂದು ಬಕೀಟು ಹಾಕಿ ಬಿಡೋಣ ಅಂತ ಎದ್ದು ತಿರುಗಿದೆ, ಅಷ್ಟೇ. ಹಿಂದ ದಪ್ ಅಂತ ಸಪ್ಪಳಾತು. ಬೋರಲು ಬಿದ್ದು, ಮತ್ತೊಂದು ಸಲ ಉರುಳಿ, ನೆಲಕ್ಕ. ಆ ಸಪ್ಪಳಕ್ಕೂ ಅಕಿ ಅಳುಗೂ ನಡುವ ಒಂದು ಕ್ಷಣ ಏನೂ ಇದ್ದಿಲ್ಲ, ಆ ಕ್ಷಣ ಇವತ್ತಿಗೂ ನಿದ್ದಿಯಾಗ ಬರ್ತೈತಿ. ಇಕಿ ಒದ್ದಿ ಕೂದಲಾಗೇ ಓಡಿ ಬಂದ್ಲು, ಆಟೋ ಹಿಡಿದು ದವಾಖಾನಿಗೆ ಹೋದ್ವಿ. ಡಾಕ್ಟರು ನೆತ್ತಿ ಮುಟ್ಟಿ, ಕಣ್ಣಿಗೆ ಬ್ಯಾಟ್ರಿ ಬಿಟ್ಟು, ಕೈಕಾಲು ಆಡಿಸಿ ನೋಡಿ, ಬಿದ್ದ ಕೂಡ್ಲೇ ಅತ್ತಿದ್ದು ಒಳ್ಳೇದಾತು ಅಂದ್ರು. ಒಂದು ದಿನ ಪೂರ್ತಿ ನಿಗಾ ಇಡ್ರಿ, ಮ್ಯಾಲಿಂದ ಮ್ಯಾಲೆ ವಾಂತಿ ಮಾಡಿದ್ರ, ಎಬ್ಬಿಸಿದ್ರೂ ಏಳದಂಗ ಮಲಗಿದ್ರ, ಫಿಟ್ಸ್ ಬಂದ್ರ, ಕಿವಿ ಮೂಗಿನಾಗ ನೀರೋ ರಕ್ತನೋ ಬಂದ್ರ ಒಂದು ನಿಮಿಷ ತಡ ಮಾಡಬ್ಯಾಡ್ರಿ ಅಂದ್ರು. ಅವತ್ತು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ, ಅಕಿ ಹೊಟ್ಟಿ ಏರಿ ಇಳಿಯೋದನ್ನೇ ನೋಡ್ತಾ ಕುಂತಿದ್ದೆ. ನಸುಕಿನಾಗ ಎದ್ಲು, ನನ್ನ ಮೀಸಿ ಹಿಡಿದು ಜಗ್ಗಿದ್ಲು.

ಇಕಿ ನನಗ ಒಂದ್ಮಾತೂ ಬೈಲಿಲ್ಲ. ಒಂದೇ ಅಂದ್ಲು, "ಅಕಿ ಉರುಳ್ತಾಳ ಅಂತ ನಿಮಗ ಗೊತ್ತಿತ್ತಲ್ರೀ, ವಿಡಿಯೋ ಕಳ್ಸಿದ್ನೆಲ್ಲ." ಹೌದು, ಕಳಿಸಿದ್ಲು. ನಾಕನೇ ತಿಂಗಳಾಗ ಮೊದಲ ಸಲ ಬೋರಲು ಬಿದ್ದ ವಿಡಿಯೋ, ನಾನು ಮಿಲ್ಲಿನಾಗ ಎಲ್ಲರಿಗೂ ತೋರಿಸಿದ್ದೆ. ಕಣ್ಣಿಗೆ ಗೊತ್ತಿತ್ತು, ಕೈಗೆ ಗೊತ್ತಿದ್ದಿಲ್ಲ. ಇಕಿ ಕೈ ನೋಡ್ರಿ, ಅತ್ತಿ ಕೈ ನೋಡ್ರಿ, ಅವರು ಹಿಂದ ತಿರುಗಿ ಏನಾದ್ರೂ ತಗೊಂಡ್ರೂ ಒಂದು ಕೈ ಕೂಸಿನ ಹೊಟ್ಟಿಮ್ಯಾಲೇ ಇರ್ತೈತಿ. ಅದು ಹುಟ್ಟಿನಿಂದ ಬಂದಿದ್ದಲ್ಲ, ಐದು ತಿಂಗಳು ಹಗಲು ರಾತ್ರಿ ಮಾಡಿ ಮಾಡಿ ಬಂದಿದ್ದು. ಆ ಐದು ತಿಂಗಳು ನನಗ ಸಿಗಲಿಲ್ಲ, ನಾನೂ ಕೇಳಲಿಲ್ಲ.

ತವರಿನ ಬಾಣಂತನ ಬ್ಯಾಡ ಅಂತ ನಾನು ಅನ್ನಂಗಿಲ್ಲ. ಅಳ್ವಿ ಪಾಯಸ, ಅಂಟಿನುಂಡಿ, ಬಿಸಿನೀರು, ಅವ್ವನ ಮಗ್ಗುಲಾಗ ನಿದ್ದಿ, ಹಡದ ಹೆಣ್ಮಗಳಿಗೆ ಅದು ಬೇಕೇ ಬೇಕು, ಅದನ್ನ ಅತ್ತಿಮನಿ ಕೊಡಾಕ ಆಗಂಗಿಲ್ಲ. ನಾನು ಅನ್ನೋದು, ಅಪ್ಪ ಆದೋನೂ ಅಲ್ಲಿ ಹೋಗಿ ಇರ್ಲಿ. ಅಳಿಯ ಆಗಿ ಬ್ಯಾಡ. ಹೋಳಿಗಿ ಬ್ಯಾಡ, ಕೋಳಿ ಬ್ಯಾಡ, ನಿನ್ನೆ ರೊಟ್ಟಿ ಇದ್ರ ಅದೇ ಸಾಕು ಅಂತ ಮೊದಲ ದಿನನೇ ಅತ್ತಿಗೆ ಹೇಳ್ರಿ, ಲಂಗೋಟಿ ಒಗೀರಿ, ರಾತ್ರಿ ಒಂದು ಪಾಳಿ ಎತ್ಕೊಂಡು ತಿರುಗ್ರಿ, ಅತ್ತಿ ನೀರು ಹಾಕ್ತಿದ್ರ ಚರಿಗಿಯಾಗ ನೀರು ಬೆರಸಿ ಕೊಡ್ರಿ. ನಗೋರು ನಾಕು ದಿನ ನಗ್ತಾರ.

ಪ್ರೈವೇಟ್‌ನಾಗ ದುಡಿಯೋ ಹೆಣ್ಮಕ್ಕಳಿಗೆ 2017ರ ತಿದ್ದುಪಡಿ ಆದ ಮ್ಯಾಲೆ ಕಾಯ್ದೆದಾಗ 26 ವಾರ ರಜಾ ಐತಿ. ನನ್ನಂಥ ಗಂಡಸರಿಗೆ ಅಂಥಾ ಕಾಯ್ದೆನೇ ಇಲ್ಲ, ಮಾಲೀಕ ಕೊಟ್ರ ಉಂಟು. ಸರ್ಕಾರಿ ನೌಕರಿ ಇದ್ದೋರಿಗೆ ಪಿತೃತ್ವ ರಜೆ ಅಂತ 15 ದಿನ ಐತಿ. ನಮ್ಮ ತಮ್ಮ ಸರ್ಕಾರಿ ಸಾಲಿ ಮಾಸ್ತರ. ಗೊತ್ತೇನಪ್ಪಾ ಅಂದ್ರ ಗೊತ್ತೈತಿ ಅಣ್ಣ ಅಂತಾನ, ಸ್ಟಾಫ್ ರೂಮಿನಾಗ ಹೆಂಡ್ತಿ ಹಡದ್ರ ನಿನಗ್ಯಾಕ ರಜಾ ಅಂತ ನಕ್ರಂತ, ಅದಕ್ಕ ಹಾಕಂಗಿಲ್ಲಂತ. ನನಗ ಸಿಟ್ಟು ಬಂತು, ಖರೇ ಹೇಳ್ತೀನಿ. ನನಗ ಯಾರಾದ್ರೂ 15 ದಿನ ಕೊಟ್ಟಿದ್ರ ನಾನು ಬಿಡ್ತಿದ್ನೇನು?

ನಿನ್ನೆ ರಾತ್ರಿ ಅವನ್ನ ಮನಿಗೆ ಕರ್ಸಿ ಕುಂದ್ರಿಸಿದೆ. ನಮ್ಮಾಕಿ ತಲಿದಿಂಬಿಗೆ ಲಂಗೋಟಿ ಕಟ್ಟಿ ತೋರಿಸಿದ್ಲು, ಅವನು ಎಂಟು ಸಲ ಕಟ್ಟಿದ, ಎಂಟನೇದ್ದು ನಿಂತ್ತು. ಆಮ್ಯಾಲೆ ಇಬ್ರೂ ಸೇರಿ ರಜಾ ಅರ್ಜಿ ಬರದ್ವಿ. ಸಹಿ ಹಾಕೋದ್ರಾಗ ಮಗಳು ಓಡಿ ಬಂದು ಪೆನ್ನು ಕಸ್ಗೊಂಡು ಹಾಳಿ ತುಂಬ ಗೀಚಿ, ಕಡೀಗೆ ಎರಡು ತುಂಡು ಮಾಡಿದ್ಲು. ಇನ್ನೊಂದು ಹಾಳಿ ತಗೊಂಡ್ವಿ.