ಬಾಡಿಗೆ ಇರೋವರೆಗೆ ರೇಡಿಯೇಷನ್ ಇರಲಿಲ್ಲ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಸೊಸೈಟಿಯ ಟೆರೇಸಿನಲ್ಲಿ ಎಂಟು ವರ್ಷ ಮೊಬೈಲ್ ಟವರ್ ಇತ್ತು. ಬಾಡಿಗೆ ಬರುತ್ತಿತ್ತು, ಮೆಂಟೆನೆನ್ಸ್ ಕಡಿಮೆ ಇತ್ತು, ಎಲ್ಲರ ಆರೋಗ್ಯವೂ ಚೆನ್ನಾಗಿತ್ತು. ಕಂಪನಿಯವರು ಅಗ್ರಿಮೆಂಟ್ ಮುಗಿಸಿ ಎದುರಿನ ಕಟ್ಟಡಕ್ಕೆ ಹೋದರು ನೋಡಿ, ಮಾರನೇ ದಿನದಿಂದ ಇಡೀ ಬಿಲ್ಡಿಂಗಿಗೆ ತಲೆನೋವು.

"ರಾತ್ರಿ ನಿದ್ದೆಯೇ ಇಲ್ಲ ಮಾರಾಯ್ರೇ, ಎಲ್ಲ ರೇಡಿಯೇಷನ್ನು" ಎಂದರು ಸೆಕ್ರೆಟರಿ ಶೆಟ್ರು. ರಾತ್ರಿ ಒಂದರವರೆಗೆ ಮೊಬೈಲನ್ನು ಎದೆ ಮೇಲಿಟ್ಟುಕೊಂಡು ರೀಲ್ಸ್ ನೋಡುವ ಪುಣ್ಯಾತ್ಮರು. ಸಿಗ್ನಲ್ ಕಡಿಮೆಯಾದಷ್ಟೂ ಆ ಫೋನು ಟವರನ್ನು ಮುಟ್ಟೋದಕ್ಕೆ ಜಾಸ್ತಿ ಶಕ್ತಿ ಉಗುಳುತ್ತೆ. ಅದನ್ನು ಹೇಳಿದರೆ ನಾನು ಕಂಪನಿ ಏಜೆಂಟು.

ಹಾಗಂತ ಶೆಟ್ರದ್ದು ಪೂರ್ತಿ ಸುಳ್ಳಲ್ಲ. ಆಂಟೆನಾದ ಕಿರಣ ಹೆಚ್ಚಾಗಿ ಅಡ್ಡಕ್ಕೆ ಹೋಗುತ್ತೆ. ದೀಪದ ಬುಡದಲ್ಲಿ ಕತ್ತಲು, ಬೆಳಕೆಲ್ಲ ಎದುರು ಮನೆಗೆ. ಅಂದರೆ ಎಂಟು ವರ್ಷ ಬಾಡಿಗೆ ನಮಗೆ, ಕಿರಣ ಅವರಿಗೆ! ಆಗ ಯಾರೂ ಮೀಟಿಂಗ್ ಕರೆಯಲಿಲ್ಲ, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಈ ತರಂಗಗಳನ್ನು '2ಬಿ' ಪಟ್ಟಿಗೆ ಹಾಕಿದ್ದು ನಿಜ. ಕ್ಯಾನ್ಸರ್ ತಂದರೂ ತರಬಹುದು, ಪುರಾವೆ ಸಾಲದು ಅಂತ ಅರ್ಥ. ಅದೇ ಪಟ್ಟಿಯಲ್ಲಿ ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಇದೆ. ನಮ್ಮ ಮಿಡಿ ಮಾವಿನಕಾಯಿಗೆ ಹೇಳಿದ್ದಲ್ಲ ಬಿಡಿ, ಸಮಾಧಾನವಾಗಿರಿ. ಆದರೂ ಕುಂದಾಪುರದಿಂದ ಬಂದ ಭರಣಿಯ ವಿಷಯ ಶೆಟ್ರಿಗೆ ಗೊತ್ತಾಗದಿರಲಿ. ಅದಕ್ಕೂ ಒಂದು ನೋಟಿಸ್ ಬಂದೀತು.

ಎದುರಿನ ಟವರಿನ ರೇಡಿಯೇಷನ್ ಅಳೆಸಿಬಿಡೋಣ ಎಂದೆ. ಸರ್ಕಾರ 2012ರಲ್ಲೇ ಅದರ ಮಿತಿಯನ್ನು ಅಂತರರಾಷ್ಟ್ರೀಯ ಮಟ್ಟದ ಹತ್ತನೇ ಒಂದು ಭಾಗಕ್ಕೆ ಇಳಿಸಿತ್ತು. ಸರ್ಕಾರದ್ದೇ 'ತರಂಗ್ ಸಂಚಾರ್' ಜಾಲತಾಣದಲ್ಲಿ 4,000 ರೂಪಾಯಿ ಕಟ್ಟಿದರೆ ಬಂದು ಅಳೆಯುತ್ತಾರೆ. ಸಭೆ ಗಪ್‌ಚಿಪ್. ಕೊನೆಗೆ ಖಜಾಂಚಿ ಮೆಲ್ಲಗೆ, "ಅಳೆದು ಕಡಿಮೆ ಬಂದ್ರೆ ಏನ್ ಮಾಡೋದು?" ಎಂದರು.

ಕಂಪನಿಗೆ ಪತ್ರ ಹೋಯಿತು. ಎದುರಿನ ಟವರ್ ಪ್ರಾಣಕ್ಕೆ ಅಪಾಯ, ಕೂಡಲೇ ತೆಗೆಯಿರಿ. ಅದೇ ಪತ್ರದ ಕೊನೆಯಲ್ಲಿ, ನಮ್ಮ ಟೆರೇಸು ಈಗಲೂ ಖಾಲಿ ಇದೆ.

ನಗು ಬರುತ್ತೆ. ಆಮೇಲೆ ಬರೋದಿಲ್ಲ. ಗೇಟಿನ ಮುಂದಿನ ರಸ್ತೆ ಎರಡು ವರ್ಷದಿಂದ ಅಗೆದು ಬಿದ್ದಿದೆ. ಆ ಧೂಳಿಗೆ ಮೂರನೇ ಮಹಡಿಯ ಮಗು ಉಬ್ಬಸದ ಪಂಪ್ ಹೊಡೆದುಕೊಳ್ಳದೆ ಮಲಗೋದಿಲ್ಲ. ಈ ಧೂಳು ಕಣ್ಣಿಗೆ ಕಾಣುತ್ತೆ, ಬೆರಳಿಗೆ ಮೆತ್ತುತ್ತೆ. ಅದಕ್ಕೊಂದು ಪತ್ರ ಬರೀರಿ ಅಂತ ನಾಲ್ಕನೇ ಸಲ ಕೇಳಿದೆ.

"ನೆಕ್ಸ್ಟ್ ಮೀಟಿಂಗಲ್ಲಿ ನೋಡೋಣ" ಎಂದರು ಶೆಟ್ರು, ಮೊಬೈಲಿನಿಂದ ತಲೆ ಎತ್ತದೆ.