ಜೀನ್ಸ್ ‘ಈಸ್’ ಅನ್ಬೇಕಾ, ‘ಆರ್’ ಅನ್ಬೇಕಾ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವುದು ದೊಡ್ಡ ದಂಧೆ. ಒಂದು ಓಣಿಯಲ್ಲಿ ಕಟಿಂಗ್, ಇನ್ನೊಂದರಲ್ಲಿ ಹೊಲಿಗೆ, ಕಾಜಾ ಗುಂಡಿ ಇನ್ನೆಲ್ಲೋ. ಆಮೇಲೆ ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್. ‘ಇವತ್ತು ಎಷ್ಟು ಪೀಸ್ ಆತು?’ ಅಂತ ಕೇಳುತ್ತಾರೆ. ಕಾಲು ಎರಡಿದ್ದರೂ ಪೀಸ್ ಒಂದೇ. ಈ ಲೆಕ್ಕದಲ್ಲಿ ಇಲ್ಲಿ ಯಾರಿಗೂ ಗೊಂದಲ ಇಲ್ಲ.

ಗೊಂದಲ ಇರುವುದು ಇಂಗ್ಲಿಷಿಗೆ. ಒಂದೇ ಪ್ಯಾಂಟ್ ತೊಟ್ಟಿದ್ದರೂ ಅಲ್ಲಿ ಬಹುವಚನ. ‘ಮೈ ಜೀನ್ಸ್ ಆರ್ ಟೈಟ್’ ಅನ್ನಬೇಕು. ‘ಈಸ್’ ಅಂದರೆ ಮಾರ್ಕ್ಸ್ ಹೋಯಿತು. ಎಣಿಸಬೇಕಾದರೆ ‘ಎ ಪೇರ್ ಆಫ್ ಜೀನ್ಸ್’. ಆ ‘ಪೇರ್’ ಬಂದ ಕೂಡಲೇ ಕ್ರಿಯಾಪದ ಮತ್ತೆ ಏಕವಚನಕ್ಕೆ ಇಳಿಯುತ್ತದೆ. ಕತ್ತರಿಗೂ ಕನ್ನಡಕಕ್ಕೂ ಇದೇ ಕಾಯಿದೆ. ಪಕ್ಕದ ಮನೆ ಹುಡುಗಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ‘ಎರಡು ಕಾಲಿಗೆ ಬಹುವಚನ ಆದ್ರೆ, ಎರಡು ತೋಳಿರೋ ಶರ್ಟ್ ಏನು ಪಾಪ ಮಾಡಿತ್ತು ಮಾಮಾ? ಪಾಯಿಂಟ್ ಅಲ್ವಾ?’ ಅಂದಳು. ಪಾಯಿಂಟೇ. ತಮಾಷೆ ಅಂದರೆ, ಇಂಗ್ಲಿಷ್ ದೇಶಗಳ ಬಟ್ಟೆ ವ್ಯಾಪಾರಿಗಳೇ ‘ಎ ಸ್ಕಿನ್ನಿ ಜೀನ್’ ಅಂತ ಏಕವಚನ ಬಳಸುತ್ತಾರೆ, ಕ್ಯಾಟಲಾಗಿನಲ್ಲೂ ಹಾಗೇ ಅಚ್ಚು ಹಾಕಿಸುತ್ತಾರೆ. ದಿನಾ ಮಾಲು ಎಣಿಸುವವನಿಗೆ ಯಾವ ದೇಶದಲ್ಲಾದರೂ ಪೀಸ್ ಒಂದೇ. (ಜೀನ್ ಅನ್ನುವುದು ಮೊದಲಿಗೆ ಬರೀ ಬಟ್ಟೆಯ ಹೆಸರು, ಇಟಲಿಯ ಜಿನೋವಾ ಊರಿನ ಹೆಸರಿನಿಂದ ಬಂದದ್ದು.)

ಅವಳ ಬಾಯಲ್ಲಿ ಬಂತಲ್ಲ ‘ಅಲ್ವಾ’, ಇಂಗ್ಲಿಷಿನಲ್ಲಿ ಅದರಷ್ಟು ತಲೆನೋವು ಇನ್ನೊಂದಿಲ್ಲ. ನಾವು ಮುಂದೆ ಏನೇ ಇರಲಿ, ಕೊನೆಗೆ ‘ಅಲ್ವಾ’ ಅಂಟಿಸಿ ಮುಗಿಸುತ್ತೇವೆ. ಅವರಿಗೆ ಹಾಗಿಲ್ಲ. ಅವನು ಬಂದಿದ್ದರೆ ‘ಡಿಡಂಟ್ ಹಿ’, ನೀನು ಹೊರಟಿದ್ದರೆ ‘ಆರಂಟ್ ಯು’, ಅವರು ಬರುವವರಿದ್ದರೆ ‘ವೋಂಟ್ ದೇ’. ನಮ್ಮವರು ಬೇಸತ್ತು ಎಲ್ಲಕ್ಕೂ ‘ಇಸಂಟ್ ಇಟ್’ ಹಾಕಿಬಿಟ್ಟರು. ಮೇಷ್ಟ್ರುಗಳು ಕೆಂಪು ಪೆನ್ನು ತೆಗೆದರು. ಈಗ ಲಂಡನ್ನಿನ ಹುಡುಗರೂ ಎಲ್ಲಕ್ಕೂ ‘ಇನ್ನಿಟ್’ ಅನ್ನುತ್ತಾರೆ. ಅವರ ಹಿಂದೆ ಯಾರು ಕೆಂಪು ಪೆನ್ನು ಹಿಡಿದು ಓಡಾಡುತ್ತಿದ್ದಾರೋ!

ಅದು ಹೋಗಲಿ, ‘ಐ ಆಮ್ ಲೇಟ್’ ಅಂದಮೇಲೆ ಏನು ಹಚ್ಚಬೇಕು? ನ್ಯಾಯವಾಗಿ ‘ಆಮಂಟ್ ಐ’ ಆಗಬೇಕಿತ್ತು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಇವತ್ತಿಗೂ ಹಾಗೆ ಅನ್ನುವವರಿದ್ದಾರೆ. ಪರೀಕ್ಷೆಯ ಗೈಡ್ ಮಾತ್ರ ‘ಆರಂಟ್ ಐ’ ಅನ್ನಬೇಕು ಅನ್ನುತ್ತದೆ. ‘ಐ ಆರ್’ ಬರೆದರೆ ಸೊನ್ನೆ ಕೊಡುವುದೂ ಇದೇ ಗೈಡು. ಆ ಜಾಗಕ್ಕೆ ಸರಿಯಾಗಿ ಕೂರುವ ‘ಏಂಟ್’ (ain't) ಅನ್ನುವ ಮಾತು ಇದ್ದೇ ಇತ್ತು. ಒಂದು ಕಾಲಕ್ಕೆ ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲೂ ಆಡುತ್ತಿದ್ದರು. ಆಮೇಲೆ ಓದಿದವರಿಗೆ ಅದು ಒರಟು ಅನ್ನಿಸಿತು, ಹೊರಗೆ ಹಾಕಿದರು. 1961ರಲ್ಲಿ ಅಮೆರಿಕದ ವೆಬ್‌ಸ್ಟರ್ ದೊಡ್ಡ ನಿಘಂಟು ಈ ಏಂಟ್ ಬಗ್ಗೆ ಸ್ವಲ್ಪ ಮೆತ್ತಗೆ ಬರೆಯಿತು. ಅಷ್ಟಕ್ಕೇ ಪತ್ರಿಕೆಯವರು ಮೈಮೇಲೆ ಬಿದ್ದರು. ಒಂದು ಪದಕ್ಕೆ ಇಷ್ಟು ಗಲಾಟೆ ಮಾಡುವ ಜನರ ಮುಂದೆ ನಮ್ಮ ಹುಡುಗಿ ಯಾಕೆ ತಲೆ ತಗ್ಗಿಸಬೇಕು ಅಂತ ನನಗೆ ಅರ್ಥವಾಗಿಲ್ಲ.

‘ದೇ’ ವಿಷಯ ಮಾತ್ರ ನಮಗೆ ಸಲೀಸು. ಬಸ್ಸಿನ ಸೀಟಿನಲ್ಲಿ ಟಿಫಿನ್ ಡಬ್ಬಿ ಸಿಕ್ಕರೆ ಕಂಡಕ್ಟರ್ ‘ಯಾರೋ ಡಬ್ಬಿ ಬಿಟ್ಟು ಹೋಗ್ಯಾರ ನೋಡ್ರೀ’ ಅನ್ನುತ್ತಾರೆ. ಬಿಟ್ಟವರು ಒಬ್ಬರೇ. ಗಂಡಸೋ ಹೆಂಗಸೋ ಗೊತ್ತಿಲ್ಲ, ಬಹುವಚನ ಹಾಕಿದರೆ ಕೆಲಸ ಆಯಿತು. ‘ಸಮ್‌ಬಡಿ ಲೆಫ್ಟ್ ದೇರ್ ಬಾಕ್ಸ್’ ಅನ್ನುವುದೂ ಇದೇ ಉಪಾಯ, ಇಂಗ್ಲಿಷಿನಲ್ಲಿ ಸುಮಾರು 14ನೇ ಶತಮಾನದಿಂದಲೂ ಇದೆ. ನಡುವೆ ವ್ಯಾಕರಣದವರು ಬಂದು ‘ದೇರ್ ತಪ್ಪು, ಹಿಸ್ ಅನ್ನಿ’ ಅಂದರು. ಜನ ಕೇಳಬೇಕಲ್ಲ! ‘ಯು’ ಕೂಡ ಮೊದಲು ಬಹುವಚನವೇ. ಒಬ್ಬನಿಗೆ ‘ದೌ’ ಅನ್ನುತ್ತಿದ್ದರು. ಮರ್ಯಾದೆ ಕೊಡುತ್ತಾ ಕೊಡುತ್ತಾ ಎಲ್ಲರಿಗೂ ‘ಯು’ ಅಂದು, ‘ದೌ’ ಮೂಲೆ ಸೇರಿತು. ಇಡೀ ದೇಶವೇ ‘ರೀ’ ಹಚ್ಚಿ ಮಾತಾಡಿದ ಹಾಗಾಯಿತು. ನಾಯಿಗೂ ‘ಯು’, ನ್ಯಾಯಾಧೀಶರಿಗೂ ‘ಯು’.

ಇಂಥ ಪ್ರಶ್ನೆಗಳು ಉಲ್ಟಾ ದಿಕ್ಕಿನಲ್ಲೂ ಇದೇ ಊರಿನಲ್ಲಿ ಎದ್ದಿರಬೇಕು. ಲಂಡನ್ ಮಿಷನ್ನಿನ ವಿಲಿಯಂ ರೀವ್ ಬಳ್ಳಾರಿಗೆ ಬಂದು ಕನ್ನಡ ಕಲಿತರು. 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದರು. ಬಜಾರಿಗೆ ಹೋದರೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುವ ಊರು ಇದು. ‘ಬಂದಾನ’ ಸರಿಯೋ ‘ಬಂದಿದ್ದಾನೆ’ ಸರಿಯೋ ಅಂತ ಅನುಮಾನ ಬಂದಾಗ ಪಾಪ, ಅವರು ಯಾರನ್ನು ಕೇಳುತ್ತಿದ್ದರೋ. ಬಳ್ಳಾರಿಯವರನ್ನೂ ಮೈಸೂರಿನವರನ್ನೂ ಒಟ್ಟಿಗೆ ಕೂರಿಸಿ ಕೇಳಿದ್ದರೆ ನಿಘಂಟು ಇನ್ನೂ ಮುಗಿಯುತ್ತಿರಲಿಲ್ಲ.